ತಂಗಿಗೆ ಕೊಡಿಸಿದ ಮಾತಿನ ಪ್ಯಾಕು

ನನ್ನ ತಂಗಿ ಸುನಂದಾಗೆ ಕಿವಿ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ಘನಕಾರ್ಯದ ಬೆಲೆ ತಿಳಿಯಬೇಕಾದರೆ ಇದು ಗೊತ್ತಿರಬೇಕು. ನಾಲ್ಕು ವರ್ಷದವಳಿದ್ದಾಗ ಜ್ವರ ಬಂತು. ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು, ಅದರ ಹಿಂದೆಯೇ ಮಾತೂ ಹೋಯಿತು. ಶಾಲೆಗೆ ಯಾರೂ ಕಳಿಸಲಿಲ್ಲ. ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ.

ಹಾಗಂತ ಅವಳನ್ನು ಯಾರಾದರೂ ಮೂಗಿ ಎಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವಳಷ್ಟು ಮಾತಾಡುವವರನ್ನು ನಾನು ಕಂಡಿಲ್ಲ, ಆದರೆ ಅವಳ ಮಾತೆಲ್ಲ ಕೈಯಲ್ಲಿ. ಅದು ನಮ್ಮ ಮನೆಯಲ್ಲಿ ನಾವೇ ಮಾಡಿಕೊಂಡ ಕೈಮಾತು. ಗದ್ದದ ಮೇಲೆ ಬೆರಳಿಟ್ಟರೆ ಅವಳ ಮಗಳು ಪ್ರೀತಿ, ಏಕೆಂದರೆ ಪ್ರೀತಿಗೆ ಗದ್ದದಲ್ಲಿ ಗುಳಿ ಇದೆ. ಮೀಸೆ ತಿರುವಿದರೆ ನಾನು. ಮೀಸೆ ಬೋಳಿಸಿ ಹತ್ತು ವರ್ಷವಾದರೂ ನನ್ನ ಹೆಸರು ಬದಲಾಗಿಲ್ಲ. ತಪ್ಪಾಯಿತು ಎನ್ನಬೇಕಾದರೆ ಎರಡೂ ಕಿವಿ ಹಿಡಿದುಕೊಳ್ಳಬೇಕು.

ಚಿಕ್ಕವಳಿದ್ದಾಗ, ನಾನು ಪಾಠ ಓದಲು ಕೂತರೆ ಎದುರಿಗೆ ಬಂದು ಕೂತು ನನ್ನ ಗಂಟಲ ಮೇಲೆ ಎರಡು ಬೆರಳು ಇಡುತ್ತಿದ್ದಳು. ಗಂಟಲು ನಡುಗಿದರೆ ನಗುತ್ತಿದ್ದಳು. ನಾನು ಬರೀ ತುಟಿ ಆಡಿಸಿ ಮೋಸ ಮಾಡಿದರೆ ಅವಳ ಬೆರಳಿಗೆ ಅದು ತಕ್ಷಣ ಗೊತ್ತಾಗುತ್ತಿತ್ತು. ತಲೆಗೆ ಒಂದು ಮೊಟಕುತ್ತಿದ್ದಳು.

ಇನ್ನು ನಾನು. ಹೆಸರು ಅಣವೀರಪ್ಪ. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಸೀರೆ ಅಂಗಡಿಯ ಗಾದಿಯ ಮೇಲೆ ಇಪ್ಪತ್ತೆಂಟು ವರ್ಷದಿಂದ ಕೂತಿದ್ದೇನೆ. ಸೀರೆ ಬಿಚ್ಚುವುದು, ಮಾತಾಡುವುದು, ಮಡಿಚುವುದು, ಮತ್ತೆ ಮಾತಾಡುವುದು. ಕೊಳ್ಳಲು ಬಂದಿಲ್ಲ, ಸುಮ್ಮನೆ ನೋಡಲು ಬಂದಿದ್ದೇವೆ ಎನ್ನುವ ಹೆಂಗಸರು ಮೂರು ಸೀರೆ ಕಟ್ಟಿಸಿಕೊಂಡು ಹೋಗುವಂತೆ ಮಾಡುವ ಬಾಯಿ ನನ್ನದು. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರ ಪಾಲಿನ ಮಾತನ್ನು ದೇವರು ನನ್ನೊಬ್ಬನ ಬಾಯಿಗೇ ಸುರಿದ ಎಂದು ನಮ್ಮವ್ವ ಬೈಯುತ್ತಿದ್ದಳು.

ಸುನಂದಾಳ ಗಂಡ ತೀರಿಕೊಂಡು ಆರು ವರ್ಷ. ಅವಳು ಕಮಲಾಪುರದಲ್ಲೇ ಉಳಿದಳು, ಕುಪ್ಪಸ ಹೊಲಿಯುತ್ತಾಳೆ, ಕೌದಿ ಹೊಲಿಯುತ್ತಾಳೆ. ಪ್ರೀತಿ ಕಲಬುರಗಿಯಲ್ಲಿ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ, ಅಲ್ಲೇ ಹತ್ತಿರ ಹುಡುಗಿಯರ ಪೀಜಿಯಲ್ಲಿ ಇದ್ದಾಳೆ. ದಿನಾ ಸಂಜೆ ಆರೂವರೆಗೆ ತಾಯಿ ಮಗಳು ವಿಡಿಯೋ ಕಾಲ್ ಮಾಡಿಕೊಂಡು ಅರ್ಧ ತಾಸು ಕೈ ಆಡಿಸುತ್ತಿದ್ದರು. ಸುನಂದಾ ಫೋನನ್ನು ಹೊಲಿಗೆ ಮಷೀನಿಗೆ ಒರಗಿಸಿ ಇಡುತ್ತಿದ್ದಳು. ಮಾತಿಗೆ ಎರಡೂ ಕೈ ಬೇಕಲ್ಲ.

ವಿಡಿಯೋ ಬರುವ ಮೊದಲು ಅವರಿಗೆ ಇದ್ದದ್ದು ಮಿಸ್ಡ್ ಕಾಲು. ಅದನ್ನು ಕಲಿಸಿದವನು ನಾನೇ. ಸುನಂದಾ ಫೋನನ್ನು ಸೊಂಟದ ಸಂಚಿಯಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ, ನಡುಗಿದರೆ ಗೊತ್ತಾಗುತ್ತದೆ. ಒಂದು ಸಲ ನಡುಗಿ ನಿಂತರೆ ಊರು ಮುಟ್ಟಿದೆ ಎಂದು ಅರ್ಥ. ಎರಡು ಸಲವಾದರೆ ಬಾ. ಮೂರು ಸಲವಾದರೆ ಬೇಡ. ಅವಳ ಅಂಗೈ ಮೇಲೆ ಬೆರಳಿಂದ ಬಡಿದು ಬಡಿದು ತೋರಿಸಿಕೊಟ್ಟಿದ್ದೆ. ವಿಡಿಯೋ ಬಂದ ಮೇಲೆ ನಾನಂತೂ ಅದನ್ನು ಮರೆತೇಬಿಟ್ಟಿದ್ದೆ.

ಈ ವರ್ಷ ಪಂಚಮಿಗೆ ಸ್ವಲ್ಪ ಮುಂಚೆ ಅವಳು ಹಾಕಿಸುತ್ತಿದ್ದ ಅಗ್ಗದ ಪ್ಯಾಕನ್ನು ಕಂಪನಿಯವರು ತೆಗೆದುಹಾಕಿದರು. ದಿನಕ್ಕೊಂದು ಜಿಬಿ ಕೊಡುತ್ತಿದ್ದ ಪ್ಯಾಕು ಒಂದು ದಿನ ಇತ್ತು, ಮರುದಿನ ಇಲ್ಲ. ಅದರ ಜಾಗದಲ್ಲಿ ಬಂದದ್ದು ಬಡವರ ಕೈಗೆ ಎಟುಕದ್ದು. ಪ್ರತಿ ವರ್ಷ ಪಂಚಮಿಗೆ ನಾನು ತಂಗಿಗೆ ಸೀರೆ ಒಯ್ಯುವವನು. ಈ ಸಲ ದೊಡ್ಡ ಬುದ್ಧಿವಂತನಾದೆ. ಸೀರೆಗೇನು, ನಮ್ಮ ಅಂಗಡಿಯಲ್ಲೇ ಬಿದ್ದಿವೆ, ವರ್ಷದ ರೀಚಾರ್ಜು ಮಾಡಿಸಿಬಿಡೋಣ, ಮುಂದಿನ ಪಂಚಮಿಯ ತನಕ ಅವಳಿಗೆ ಚಿಂತೆಯಿಲ್ಲ ಎಂದುಕೊಂಡೆ. ನಮ್ಮ ಅಂಗಡಿಯ ಎದುರಿಗೇ ಫುರ್ಕಾನನ ಮೊಬೈಲ್ ಅಂಗಡಿ. ಗಿರಾಕಿಗಳ ಗದ್ದಲದ ನಡುವೆ ಓಡಿಹೋಗಿ, ವರ್ಷದ್ದು, ಎಲ್ಲಕ್ಕಿಂತ ಸಸ್ತಾ ಯಾವುದೋ ಅದನ್ನು ಹಾಕು ಎಂದು ನಂಬರು ಕೊಟ್ಟು ಬಂದೆ. ಯಾರ ನಂಬರೆಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಪಂಚಮಿಯ ದಿನ ಕಮಲಾಪುರಕ್ಕೆ ಹೋಗಿ, ಉಂಡಿ ತಿಂದು, ವರ್ಷಪೂರ್ತಿ ಎಂದು ಕೈಯಲ್ಲಿ ದೊಡ್ಡ ಸುತ್ತು ಹಾಕಿ ತೋರಿಸಿ ಬೀಗಿದೆ. ಅಂದೇ ಸಂಜೆ ಆರೂವರೆಗೆ ಅವಳು ಫೋನು ಒರಗಿಸಿಟ್ಟು ಕೂತಳು. ಪರದೆಯ ಮೇಲೆ ಒಂದು ಸುತ್ತು ತಿರುಗುತ್ತಲೇ ಇತ್ತು, ಮಗಳ ಮುಖ ಬರಲಿಲ್ಲ.

ಮರುದಿನ ಫುರ್ಕಾನನ ಮೇಲೆ ಹರಿಹಾಯ್ದೆ.

“ಅಣ್ಣಾವ್ರ, ನೀವು ಸಸ್ತಾ ಕೇಳಿದ್ರಿ, ನಾ ಸಸ್ತಾ ಹಾಕ್ದೆ. ಇದು ಖಾಲಿ ಮಾತಿನ ಪ್ಯಾಕ್ ಅದ. ಎಷ್ಟ್ ಬೇಕಾದಷ್ಟು ಮಾತಾಡ್ರಿ, ಎಸ್ಸೆಮ್ಮೆಸ್ ಕಳಸ್ರಿ. ನೆಟ್ ಬರಂಗಿಲ್ಲ,” ಎಂದ.

“ಹಂಗಾರ ಇದರ ಮ್ಯಾಲ ಒಂದು ನೆಟ್ ಪ್ಯಾಕ್ ಹಾಕಿಬಿಡು.”

“ನೋಡ್ರಿ, ನಿಮ್ಮ ಮುಂದೇ ಹಾಕ್ಲಾಕತ್ತೀನಿ. ತಗೊಳವಲ್ದು. ಈ ಪ್ಯಾಕಿನ ಮ್ಯಾಲ ಅದು ಕೂಡಂಗಿಲ್ಲ.”

“ಇದನ್ನ ತೆಗದ್ಹಾಕು, ಬ್ಯಾರೆ ಹಾಕು.”

“ಹಾಕಿದ್ದು ತೆಗಿಲಾಕ ಬರಂಗಿಲ್ಲ ಅಣ್ಣ. ಹೊಸಾದು ಹಾಕಿದ್ರ ಅದು ಹಿಂದ ಪಾಳಿ ಹಚ್ಚತದ. ಇದು ಮುಗಿದ ಮ್ಯಾಲೇ ಅದು ಚಾಲೂ. ಅಂದ್ರ ಬರೂ ಪಂಚಮಿಗಿ.”

ಹೀಗೆ ನಾನು ಕಿವಿ ಕೇಳದವಳಿಗೆ ಮಿತಿಯಿಲ್ಲದ ಕರೆ ಕೊಡಿಸಿದ್ದೆ, ಅಕ್ಷರ ಬಾರದವಳಿಗೆ ಮೂರು ಸಾವಿರಕ್ಕೂ ಮಿಕ್ಕಿ ಎಸ್ಸೆಮ್ಮೆಸ್ಸು ಕೊಡಿಸಿದ್ದೆ. ಇಂಥ ಕೆಲಸವನ್ನು ಬಾಯಿ ಇದ್ದವನೇ ಮಾಡಬೇಕು, ಬೇರೆಯವರಿಂದ ಆಗುವುದಿಲ್ಲ. ಬೇರೆ ಸಿಮ್ ತಗೊಳ್ರಿ ಎಂದ ಫುರ್ಕಾನ್. ಕಮಲಾಪುರದ ಒಂದು ಅಂಗಡಿಗೆ ಸುನಂದಾಳನ್ನು ಕರೆದುಕೊಂಡು ಹೋದೆ. ಮೂವತ್ತು ವರ್ಷ ಸೂಜಿ ಹಿಡಿದ ಬೆರಳು, ಗೆರೆಯೆಲ್ಲ ಸವೆದು ಹೋಗಿದೆ. ಮೂರು ಸಲ ಹೆಬ್ಬೆಟ್ಟು ಒತ್ತಿಸಿದರೂ ಯಂತ್ರ ಒಪ್ಪಲಿಲ್ಲ. ಕಲಬುರಗಿಗೆ ಕರೆದುಕೊಂಡು ಬನ್ನಿ, ಕಂಪನಿಯ ದೊಡ್ಡ ಅಂಗಡಿಯಲ್ಲಿ ಮುಖ ತೋರಿಸಿದರೆ ಆಗುತ್ತದೆ ಎಂದರು. ಆಯಿತು, ಮುಂದಿನ ವಾರ ನೋಡೋಣ ಎಂದೆ. ಆ ಮುಂದಿನ ವಾರ ಎರಡೂವರೆ ತಿಂಗಳು ಬರಲೇ ಇಲ್ಲ.

ಅಲ್ಲಿಯವರೆಗೆ ಸುನಂದಾ ಪಕ್ಕದ ಮನೆಯ ಜೈನಾಬಿಯ ಹಾಟ್‌ಸ್ಪಾಟಿನಲ್ಲಿ ದಿನ ದೂಡಿದಳು. ಜೈನಾಬಿ ಒಳ್ಳೆಯ ಹೆಂಗಸು, ನಮ್ಮ ಕೈಮಾತು ಅಲ್ಪಸ್ವಲ್ಪ ಅವಳಿಗೂ ಬರುತ್ತದೆ. ಆದರೆ ಅವಳ ಪ್ಯಾಕೂ ದಿನಕ್ಕೊಂದೇ ಜಿಬಿಯದು. ಮೊಮ್ಮಕ್ಕಳು ಕಾರ್ಟೂನು ನೋಡಿ ಮುಗಿಸಿದ ಮೇಲೆ ಉಳಿದ ತಳದಲ್ಲಿ ಇವಳ ಪಾಲು. ಗೋಡೆಗೆ ಒತ್ತಿ ನಿಂತರೆ ಮಾತ್ರ ಸಿಗುತ್ತಿತ್ತು. ಪರದೆಯಲ್ಲಿ ಪ್ರೀತಿಯ ಕೈ ಅರ್ಧ ಮಾತಿಗೇ ನಿಂತುಬಿಡುತ್ತಿತ್ತು, ಅವಳು ಏನೆಂದಳೋ ಎಂದು ಇವಳು ಆ ನಿಂತ ಕೈಯನ್ನೇ ನೋಡುತ್ತಿದ್ದಳು. ಬಸ್‌ಸ್ಟ್ಯಾಂಡಿನ ಹತ್ತಿರ ಒಮ್ಮೆ ಯಾರದೋ ಫೋನು ಕೇಳಿ ಮಾತಾಡುವಾಗ ಚಹಾದ ಅಂಗಡಿಯಲ್ಲಿ ಕೂತವರು ಅವಳ ಕೈಯನ್ನು ಅಣಕಿಸಿ ನಕ್ಕರಂತೆ. ಆಮೇಲೆ ಅವಳು ಬೀದಿಯಲ್ಲಿ ನಿಂತು ಮಾತಾಡಲಿಲ್ಲ.

ದಸರಾ ಮುಗಿಯಿತು. ಒಂದು ದಿನ ನಮ್ಮ ಸಾವಕಾರರು, ಎಂದರೆ ಅಂಗಡಿಯ ಮಾಲೀಕರು, ನನ್ನನ್ನು ಹತ್ತಿರ ಕೂರಿಸಿಕೊಂಡು, “ಅಣವೀರ, ನಿನ್ನ ತಂಗಿ ಮಗಳಿಗಿ ನಾ ಒಂದು ಸಂಬಂಧ ತಂದೀನಿ,” ಎಂದರು. ಹುಡುಗ ಅವರ ಹೆಂಡತಿಯ ಅಣ್ಣನ ಮಗ, ಸೇಡಂನಲ್ಲಿ ಬೇಳೆ ಮಿಲ್ಲು, ಹೆಸರು ಸುನೀಲಕುಮಾರ. ಹುಡುಗಿಯ ತಾಯಿಗೆ ಕಿವಿ ಕೇಳುವುದಿಲ್ಲ ಎಂದು ಹೇಳಿದ್ದಾರೆ, ಅವರು ಒಪ್ಪಿದ್ದಾರೆ. ಭಾನುವಾರ ಕಮಲಾಪುರಕ್ಕೆ ಬಂದು ಹುಡುಗಿಯನ್ನು ನೋಡಿ ಅಂದೇ ಬಾಯಿಗೆ ಸಕ್ಕರೆ ಹಾಕಿ ಮಾತು ಗಟ್ಟಿ ಮಾಡಿಕೊಂಡು ಹೋಗುತ್ತಾರೆ.

ನನಗೆ ಕಣ್ಣಲ್ಲಿ ನೀರು ಬಂತು. ಸಾವಕಾರರ ಬೀಗರಾಗುವುದೆಂದರೆ ಸುಮ್ಮನೆ ಮಾತೇ? ಅಂಗಡಿಯಲ್ಲಿ ಉಳಿದ ಸೇಲ್ಸ್‌ಮನ್‌ಗಳು ಅಂದೇ ನನ್ನನ್ನು ರೀ ಹಚ್ಚಿ ಕರೆಯತೊಡಗಿದರು. ಬುಧವಾರ ಕಮಲಾಪುರಕ್ಕೆ ಹೋಗಿ ತಂಗಿಗೆ ಹೇಳಿದೆ. ಅವಳು ಗದ್ದದ ಮೇಲೆ ಬೆರಳಿಟ್ಟು ಕೈ ತಿರುಗಿಸಿದಳು. ಪ್ರೀತಿ ಏನು ಅಂತಾಳೆ, ಅವಳು ಹೂಂ ಅಂದರೆ ನನಗೂ ಹೂಂ. ನನ್ನ ಫೋನಿನಿಂದ ವಿಡಿಯೋ ಹಚ್ಚಿದರೆ ಪ್ರೀತಿ ಕೆಲಸದಲ್ಲಿದ್ದಳು, ಎತ್ತಲಿಲ್ಲ. ಕೇಳಿ ಬಂದು ಹೇಳುತ್ತೇನೆ ಎಂದೆ. ಜೈನಾಬಿ ಆ ವಾರ ಮಗಳ ಬಾಣಂತನಕ್ಕೆಂದು ಬೀದರಿಗೆ ಹೋಗಿದ್ದಳು, ಅವಳ ಜೊತೆ ಹಾಟ್‌ಸ್ಪಾಟೂ ಹೋಗಿತ್ತು. ಹಾಗಾಗಿ ತಾಯಿ ಮಗಳ ನಡುವೆ ಇದ್ದ ದಾರಿ ನಾನೊಬ್ಬನೇ.

ಬುಧವಾರ ರಾತ್ರಿ ಪ್ರೀತಿಗೆ ಫೋನಿನಲ್ಲಿ ಸಂಬಂಧದ ಸುದ್ದಿ ಹೇಳಿದ್ದೆ. ಗುರುವಾರ ಮಧ್ಯಾಹ್ನ ಅವಳೇ ಫೋನು ಮಾಡಿದಳು. ನಾನು ಗಾದಿಯಿಂದ ಎದ್ದು ಮೆಟ್ಟಿಲ ಹತ್ತಿರ ಹೋದೆ.

“ಮಾಮಾ, ಆ ಹುಡುಗ ಫೋನ್ ಮಾಡಿದ್ದ. ಲಗ್ನದಾಗ ನಿಮ್ಮವ್ವ ಮಂದಿ ಮುಂದ ಕೈ ಮಾಡಿ ಮಾತಾಡೂದು ಬ್ಯಾಡ, ನಮ್ಮ ಕಡೀ ಮಂದಿ ನಗ್ತಾರ, ಸುಮ್ ಒಂದ್ ಕಡಿ ಕುಂದರ್ಲಿ ಅಂದ. ನೀನೂ ನಮ್ಮ ಮನ್ಯಾಗ ಅದೆಲ್ಲ ಬಿಡಬೇಕು ಅಂದ.”

“ಹುಡುಗ್ರು ಏನೋ ಅಂತಿರ್ತಾರವ್ವ. ಲಗ್ನ ಆದ ಮ್ಯಾಲ ಎಲ್ಲಾ ಸರಿ ಆಗ್ತದ.”

“ಮಾಮಾ, ನಾ ಮೊದಲ ಮಾತು ಕಲ್ತಿದ್ದೇ ಕೈಲಿಂದ. ಬಾಯಿಲಿಂದ ಅಲ್ಲ. ನಂಗ ಈ ಸಂಬಂಧ ಬ್ಯಾಡ. ಅವ್ವಗ ಹೇಳ್ರಿ. ಅವ್ವ ಬ್ಯಾಡ ಅಂದ್ರ ಸಾವಕಾರ್ರಿಗಿ ಹೇಳ್ಲಾಕ ನಿಮಗೂ ಹಗುರ ಆಗ್ತದ.”

“ನೀನೇ ಬಂದು ಹೇಳಲ್ಲ.”

“ಇಬ್ಬರು ರಜಾ ಮ್ಯಾಲ ಹೋಗ್ಯಾರ ಮಾಮಾ. ಐತವಾರ ಮುಂಜಾನೆ ತನಕ ಬಿಡಂಗಿಲ್ಲ ಅಂದಾರ. ಅಷ್ಟೊತ್ತಿಗಿ ಅವರೂ ಬಂದು ಕುಂತಿರ್ತಾರ. ಆಗ ಹ್ಯಾಂಗ ಹೇಳ್ಲಿ?”

ಅವಳು ಹೇಳಿದ್ದು ನಿಜ. ನಮ್ಮ ಕಡೆ ಸಕ್ಕರೆ ಹಿಡಿದು ಬಂದವರನ್ನು ಬಾಗಿಲಿಂದ ತಿರುಗಿಸಿ ಕಳಿಸಿದರೆ ಹುಡುಗಿಗೂ ಕೆಟ್ಟ ಹೆಸರು, ತಾಯಿಗೂ ಕೆಟ್ಟ ಹೆಸರು. ಬೇಡ ಎನ್ನುವುದಿದ್ದರೆ ಭಾನುವಾರದ ಒಳಗೆ ಎನ್ನಬೇಕು.

ನಾನು ಮತ್ತೆ ಬಂದು ಗಾದಿಯ ಮೇಲೆ ಕೂತೆ. ಸಾವಕಾರರು ಗಲ್ಲೆಯ ಹತ್ತಿರ ಕೂತು ಭಾನುವಾರಕ್ಕೆ ಎಷ್ಟು ಗಾಡಿ ಬೇಕೆಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ನನ್ನನ್ನು ನೋಡಿ ನಕ್ಕರು. ಇಪ್ಪತ್ತೆಂಟು ವರ್ಷದಲ್ಲಿ ಅವರು ನನ್ನನ್ನು ನೋಡಿ ಹಾಗೆ ನಕ್ಕದ್ದು ಅದೇ ಮೊದಲು. ಆ ನಗುವಿನ ಮುಂದೆ ನಾನು ಇಲಿಯಾಗಿಹೋದೆ.

ಸಂಜೆ ಪ್ರೀತಿಗೆ ನಾನೇ ಫೋನು ಮಾಡಿದೆ. ನಿಮ್ಮವ್ವಗ ಹೇಳೀನಿ, ಎಲ್ಲಾ ಹೇಳೀನಿ, ಹುಡುಗ ಅಂದದ್ದೂ ಹೇಳೀನಿ, ‘ಇರ್ಲಿ ಬಿಡು, ನಾ ಸುಮ್ ಕುಂದರ್ತೀನಿ, ಮಗಳು ಛಲೋ ಮನಿ ಸೇರ್ಲಿ’ ಅಂದ್ಳು ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಹೇಳುವಾಗ ನನಗೇ ತಂಗಿಯ ಮೇಲೆ ಅಭಿಮಾನ ಉಕ್ಕಿತು.

“ಹ್ಯಾಂಗ ಹೇಳಿದ್ರಿ ಮಾಮಾ? ನೀವು ಅಂಗಡ್ಯಾಗ ಇದ್ರಿ, ಜೈನಾಬಿ ಅಜ್ಜಿ ಊರಾಗಿಲ್ಲ.”

“ಬಸ್‌ಸ್ಟ್ಯಾಂಡಿನಾಗ ಬಾಳಿಹಣ್ಣು ಮಾರ್ತಾನಲ್ಲ, ಅಂವನ ಫೋನಿಗಿ ವಿಡಿಯೋ ಹಚ್ಚಿದ್ದೆ.”

ಅವಳು ಫೋನು ಇಟ್ಟಳು. ಅವಳವ್ವ ಬೀದಿಯಲ್ಲಿ ನಿಂತು ಕೈ ಆಡಿಸುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು ಎಂಬುದು ನನಗೆ ಆಗ ನೆನಪಾಗಲಿಲ್ಲ.

ಶುಕ್ರವಾರ ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದೆ. ಊರು ದಾಟುವ ಮೊದಲೇ ಪ್ರೀತಿಯ ಫೋನು.

“ಮಾಮಾ, ಅವ್ವನ ಮನಿಗಿ ಹೋಗ್ಲಾಕತ್ತೀರಿ ಅಂತ ಮಾಮಿ ಅಂದ್ರು. ಅಲ್ಲಿ ಮುಟ್ಟಿದ ಮ್ಯಾಲ ನಿಮ್ಮ ಫೋನಿನಿಂದ ವಿಡಿಯೋ ಹಚ್ಚರಿ. ಒಂದೇ ನಿಮಿಷ.”

“ನೆಟ್ ಇಲ್ಲವ್ವ. ಡೇಟಾ ಮುಗದದ.”

“ಮುಂಜಾನೆ ಹತ್ತಕ್ಕೇ? ಎರಡೂ ಜಿಬಿ?”

“ನಿಮ್ಮ ಮಾಮಿ ಸೀರಿಯಲ್ ನೋಡಿದ್ಳು,” ಎಂದು ಫೋನು ಇಟ್ಟೆ. ಆಮೇಲೆ ಪರದೆಯನ್ನು ಮೇಲಿಂದ ಕೆಳಗೆ ಎಳೆದು ಡೇಟಾ ಆಫ್ ಮಾಡಿದೆ. ಎರಡು ಜಿಬಿ ಹಾಗೇ ತುಂಬಿ ಇತ್ತು. ಕಂಪನಿಯವರು ಮುಚ್ಚಿದ ಬಾಗಿಲಿಗೆ ನಾನು ನನ್ನ ಕೈಯಿಂದಲೇ ಚಿಲಕ ಹಾಕಿದೆ. ಬೇರೆ ಸಿಮ್ಮಿಗೆ ಅವಳನ್ನು ಕಲಬುರಗಿಗೆ ಕರೆತರಲು ಅರ್ಧ ದಿನ ಸಾಕಾಗಿತ್ತು, ಎರಡೂವರೆ ತಿಂಗಳಲ್ಲಿ ಆ ಅರ್ಧ ದಿನ ಏಕೆ ಸಿಗಲಿಲ್ಲ ಎಂದು ಬಸ್ಸಿನಲ್ಲಿ ಕೂತು ಒಮ್ಮೆ ಕೇಳಿಕೊಂಡೆ. ಮೊದಲು ಅದು ಬರೀ ಸೋಮಾರಿತನ. ಸಂಬಂಧ ಬಂದ ಮೇಲೆ ಅದು ಅನುಕೂಲ. ಕಿಟಕಿಯಿಂದ ಬಿಸಿ ಗಾಳಿ ಬರುತ್ತಿತ್ತು, ಇಳಿದು ಹಿಂದಿರುಗಿ ಹೋಗೋಣ ಅನಿಸಿತು. ಆದರೆ ಹಿಂದೆ ಸಾವಕಾರರಿದ್ದರು, ಮುಂದೆ ತಂಗಿ ಇದ್ದಳು. ಬಸ್ಸು ನಿಲ್ಲಲಿಲ್ಲ.

ಕಮಲಾಪುರದಲ್ಲಿ ಇಳಿದು ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡೆ. ತಪ್ಪು ಮಾಡುವ ದಿನ ನಾನು ಬರಿಗೈಯಲ್ಲಿ ಹೋಗುವುದಿಲ್ಲ.

ಸುನಂದಾ ಮಷೀನಿನ ಮುಂದೆ ಕೂತಿದ್ದಳು. ನನ್ನನ್ನು ನೋಡಿ ಕಾಲು ನಿಲ್ಲಿಸಿದಳು. ನಾನು ಗದ್ದದ ಮೇಲೆ ಬೆರಳಿಟ್ಟೆ, ಚಿಟಿಕೆ ಸಕ್ಕರೆ ನಾಲಿಗೆಗೆ ಹಾಕಿಕೊಂಡಂತೆ ಮಾಡಿದೆ, ತಲೆ ಜೋರಾಗಿ ಆಡಿಸಿದೆ. ಪ್ರೀತಿಗೆ ಒಪ್ಪಿಗೆ.

ಅವಳು ನನ್ನ ಕೈ ನೋಡಲಿಲ್ಲ, ಮುಖ ನೋಡಿದಳು. ಆಮೇಲೆ ಮೀಸೆ ತಿರುವಿ ತನ್ನ ಕಿವಿ ಮುಟ್ಟಿದಳು, ಗದ್ದ ಮುಟ್ಟಿ ಬಾಯಿ ಮುಟ್ಟಿದಳು. ಅವಳೇ ತನ್ನ ಬಾಯಿಂದ ಹೇಳಿದಳೇ, ನೀನು ನಿನ್ನ ಕಿವಿಯಿಂದ ಕೇಳಿದೆಯಾ?

ಹೂಂ, ಕೇಳಿದೆ.

ಇನ್ನೊಂದು ಸಲ ಹೇಳು ಎಂದಳು.

ಇನ್ನೊಂದು ಸಲ ಗದ್ದ ಮುಟ್ಟಿದೆ, ಸಕ್ಕರೆ ತಿಂದೆ, ತಲೆ ಆಡಿಸಿದೆ. ಈ ಸಲ ನಕ್ಕೆ ಕೂಡ. ಅವಳು ಎದ್ದು ಒಳಗೆ ಹೋದಳು. ಚಹಾ ಮಾಡಲು ಹೋದಳೆಂದು ತಿಳಿದು ನಾನು ಹಗ್ಗದ ಮಂಚದ ಮೇಲೆ ಕಾಲು ಚಾಚಿದೆ. ಅವಳು ನೀರಿನ ತಂಬಿಗೆ ತಂದು ನನ್ನ ಮುಂದೆ ಇಟ್ಟಳು, ಸೊಂಟದ ಸಂಚಿಯಿಂದ ಫೋನು ತೆಗೆದಳು, ನನ್ನ ಬಲಗೈ ಹಿಡಿದು ಅಂಗೈ ಬಿಡಿಸಿ ಅದರ ಮೇಲೆ ಫೋನು ಇಟ್ಟಳು. ಇಟ್ಟು ನನ್ನ ಬೆರಳು ಮುಚ್ಚಿಸಿ ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ನನಗೆ ಏನೂ ತಿಳಿಯಲಿಲ್ಲ. ಗೋಡೆಯ ಗಡಿಯಾರ ಹನ್ನೆರಡು ತೋರಿಸುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ಕೈಯೊಳಗೆ ಫೋನು ನಡುಗಿತು, ನಿಂತಿತು. ಮತ್ತೆ ನಡುಗಿತು, ನಿಂತಿತು. ಮೂರನೆಯ ಸಲ ನಡುಗಿ ನಿಂತಿತು. ಆಮೇಲೆ ಸುಮ್ಮನಾಯಿತು.

ಬೇಡ.

ಕೈ ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ. ಫೋನು ತೆರೆದು ಕರೆಗಳ ಪಟ್ಟಿ ತೋರಿಸಿದಳು. ನಿನ್ನೆ ಸಂಜೆಯಿಂದ, ನಾನು ಪ್ರೀತಿಗೆ ಸುಳ್ಳು ಹೇಳಿದ ಹೊತ್ತಿನಿಂದ, ಗಂಟೆಗೊಮ್ಮೆ ಮೂರು, ಮೂರು, ಮೂರು. ಪಟ್ಟಿಯ ತುಂಬ ಪ್ರೀತಿಯದೇ ಸಣ್ಣ ಫೋಟೋ. ಪ್ರತಿ ಮೂರರ ಬೆನ್ನಿಗೆ ಇಲ್ಲಿಂದ ಹೋದ ಮೂರು. ನನಗೂ ಬೇಡ, ನಾನು ಒಪ್ಪಿಲ್ಲ ಎಂದು ಮಗಳಿಗೆ ತಾಯಿಯ ಉತ್ತರ. ನಾನು ಕೊಡಿಸಿದ ಮಿತಿಯಿಲ್ಲದ ಮಾತನ್ನು ಇಬ್ಬರೂ ಒಂದು ರಾತ್ರಿ ಅರ್ಧ ಹಗಲು ಮಾತಾಡಿದ್ದರು. ಈ ವಾರ ಅವರ ನಡುವೆ ಇದ್ದ ಪ್ರಶ್ನೆ ಒಂದೇ. ಯಾವುದು ಬೇಡ ಎಂದು ಸುನಂದಾ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅವಳು ನನ್ನ ಅಂಗಿಯ ಜೇಬಿಗೆ ಕೈ ಹಾಕಿ ನನ್ನ ಫೋನು ತೆಗೆದಳು. ಪರದೆ ಎಳೆದಳು. ನೆಟ್ಟಿನ ಎರಡು ಬಾಣದ ಗುರುತು ಆರಿ ಕಪ್ಪಾಗಿ ಇರುವುದನ್ನು ನೋಡಿದಳು, ನನ್ನ ಕಡೆ ನೋಡಿದಳು, ಅದನ್ನು ಒತ್ತಿದಳು. ಫೋನಿಗೆ ಜೀವ ಬಂದು ಮೆಸೇಜುಗಳು ಟಣಟಣ ಸುರಿದವು. ಆ ಸದ್ದು ಕೇಳಿದವನು ನಾನೊಬ್ಬನೇ, ನನಗೆ ಸಾಯುವಷ್ಟು ನಾಚಿಕೆಯಾಯಿತು.

ಮಷೀನಿಗೆ ಫೋನು ಒರಗಿಸಿ ಮಗಳಿಗೆ ವಿಡಿಯೋ ಹಚ್ಚಿದಳು. ಪ್ರೀತಿ ಬಿಳಿ ಕೋಟಿನಲ್ಲೇ ಆಸ್ಪತ್ರೆಯ ಕಾರಿಡಾರಿಗೆ ಓಡಿ ಬಂದು ಫೋನನ್ನು ಎಲ್ಲೋ ನಿಲ್ಲಿಸಿದಳು. ಎರಡು ಜೊತೆ ಕೈಗಳು ಹಾರಾಡತೊಡಗಿದವು. ಕೈಮಾತಿನಲ್ಲಿ ಪಿಸುಗುಡಲು ಬರುವುದಿಲ್ಲ. ನನ್ನ ಬಗ್ಗೆ ಆಡಿದ್ದನ್ನೆಲ್ಲ ನನ್ನ ಎದುರಿಗೇ ಆಡಿದರು, ಎಷ್ಟು ಸಲ ಮೀಸೆ ತಿರುವಿದರೋ ಗೊತ್ತಿಲ್ಲ. ಕೊನೆಗೆ ಪ್ರೀತಿ ಆ ಹುಡುಗ ಹೇಳಿದ್ದನ್ನು ತೋರಿಸಿದಳು. ಎರಡೂ ಮಣಿಕಟ್ಟು ಕೂಡಿಸಿ ಹಗ್ಗದಿಂದ ಬಿಗಿದಂತೆ ಮಾಡಿ, ತಾಯಿಯ ಕಡೆ ಬೆರಳು ಮಾಡಿದಳು.

ಸುನಂದಾಳ ಕೈ ನಿಂತಿತು. ಎರಡೂ ಕೈಯನ್ನು ತಿರುಗಿಸಿ ನೋಡಿಕೊಂಡಳು, ಮಡಿಲಲ್ಲಿ ಇಟ್ಟುಕೊಂಡಳು. ಹುಟ್ಟಿದಾಗಿನಿಂದ ಅವಳನ್ನು ನೋಡಿದ್ದೇನೆ, ಗಂಡನ ಹೆಣದ ಮುಂದೆ ಕೂಡ ಆ ಕೈ ಸುಮ್ಮನೆ ಕೂತದ್ದು ಕಂಡಿರಲಿಲ್ಲ. ಆಮೇಲೆ ಒಂದು ಕೈ ಎತ್ತಿ ಮೀಸೆ ತಿರುವಿ ಹಣೆ ಮುಟ್ಟಿದಳು. ನಿನಗೆ ಇದು ಗೊತ್ತಿತ್ತೇ?

ಹೂಂ ಎಂದು ತಲೆ ಆಡಿಸಿದೆ. ಇನ್ನೊಂದು ಸುಳ್ಳಿಗೆ ಶಕ್ತಿ ಇರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಕೈ ಬೀಸಿ ಏನಾದರೂ ಹೇಳಿ ಪಾರಾಗುತ್ತಿದ್ದೆ. ತನ್ನ ಫೋನು ತಂದು ಕೊಟ್ಟಳು. ಹೊಟ್ಟೆ ಮುಂದೆ ಕೈಯಲ್ಲಿ ದೊಡ್ಡ ಗುಡಾಣ ಮಾಡಿದಳು. ಅದು ಸಾವಕಾರರು. ಫೋನು ಹಚ್ಚು, ಬಾಯಿ ಇದೆಯಲ್ಲ, ಹೇಳು. ಎದುರಿಗೆ ಬಂದು ಕೂತು ನನ್ನ ಗಂಟಲ ಮೇಲೆ ಎರಡು ಬೆರಳು ಇಟ್ಟಳು.

ಪರದೆಯಲ್ಲಿ ಪ್ರೀತಿ ಅಂದಳು, “ಸ್ಪೀಕರ್ ಹಾಕ್ರಿ ಮಾಮಾ. ನೀವು ಅಂದಿದ್ದು ಅಂದಂಗೇ ನಾ ಅವ್ವಗ ಹೇಳ್ತೀನಿ.”

ಈಗ ನಡುವೆ ನಿಂತು ಹೇಳುವವಳು ಅವಳು. ಓಡಲು ಎಲ್ಲೂ ಸಂದು ಇರಲಿಲ್ಲ. ನಂಬರು ಒತ್ತಿದೆ. ಆ ಪ್ಯಾಕಿನಿಂದ ಹೋದ ಮೊದಲ ಬಾಯಿಮಾತು ಅದು.

“ಯಾರ್ರೀ?” ಎಂದರು ಸಾವಕಾರರು.

“ನಾ ಅಣವೀರ್ರಿ. ಇದು ನಮ್ಮ ತಂಗಿ ಫೋನ್ರಿ.”

“ನಿನ್ ತಂಗಿಗಿ ಫೋನ್ ಯಾತಕ್ಕೋ?” ಎಂದು ಗಹಗಹಿಸಿ ನಕ್ಕರು. ಪ್ರೀತಿಯ ಕೈ ಅದನ್ನೂ ಬಿಡದೆ ಹೇಳಿತು. ನಕ್ಕು ಮುಗಿಸಿ ಸಾವಕಾರರು ಕೇಳಿದರು, “ಐತವಾರದ ತಯಾರಿ ಎಲ್ಲಾ ಆಯ್ತಿಲ್ಲೊ?”

“ಹೂಂರಿ... ಅದೇನಂದ್ರ ಸಾವಕಾರ್ರ, ಸ್ವಲ್ಪ ದಿವಸ ಮುಂದ ಹಾಕಿದ್ರ ಹ್ಯಾಂಗ ಅಂತ...”

ಪ್ರೀತಿ ಎರಡು ಕೈಯಿಂದ ಏನನ್ನೋ ದೂರ ತಳ್ಳಿ ತೋರಿಸಿದಳು. ಮುಂದಕ್ಕೆ ಹಾಕುತ್ತಿದ್ದಾನೆ. ಗಂಟಲ ಮೇಲಿನ ಬೆರಳು ಒತ್ತಿತು. ಆ ಬೆರಳಿಗೆ ನಾನು ಎಂಟು ವರ್ಷದವನಿದ್ದಾಗಿನಿಂದ ಗೊತ್ತು. ಬರೀ ತುಟಿ ಆಡಿಸುವುದಕ್ಕೂ ಮಾತಾಡುವುದಕ್ಕೂ ಇರುವ ಭೇದ ಅದಕ್ಕೆ ಗೊತ್ತು.

“ಬ್ಯಾಡ್ರಿ,” ಎಂದೆ.

“ಏನ್ ಬ್ಯಾಡ?”

“ಈ ಸಂಬಂಧ ಬ್ಯಾಡ್ರಿ.”

ಆ ಕಡೆ ಅಂಗಡಿಯ ಗದ್ದಲ ಕೇಳಿಸುತ್ತಿತ್ತು, ಯಾರೋ ಗಿರಾಕಿ ಹಸಿರು ಬಣ್ಣ ಕೇಳುತ್ತಿದ್ದಳು. ಬೆರಳು ಇನ್ನೂ ಗಂಟಲ ಮೇಲೇ ಇತ್ತು. ಎರಡು ಸಲ ಬೇಡ ಎಂದಾಗಿತ್ತು, ಅವಳು ಮೂರನೆಯದಕ್ಕೆ ಕಾಯುತ್ತಿದ್ದಳು.

“ನಮ್ಮ ಹುಡುಗಿಗಿ ಬ್ಯಾಡ್ರಿ,” ಎಂದೆ. ಬೆರಳು ಗಂಟಲಿಂದ ಸರಿಯಿತು.

“ಸೋಮವಾರ ಅಂಗಡಿಗಿ ಬಾ. ಮಾತಾಡೂಣು,” ಎಂದು ಸಾವಕಾರರು ಫೋನು ಇಟ್ಟರು. ಇಪ್ಪತ್ತೆಂಟು ವರ್ಷ ಅವರ ಜೊತೆ ಇದ್ದವನಿಗೆ ಸೋಮವಾರದ ಮಾತು ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಸುನಂದಾ ನನ್ನ ಕೈಯಿಂದ ಫೋನು ತೆಗೆದುಕೊಂಡು ಸಂಚಿಯಲ್ಲಿ ಸಿಕ್ಕಿಸಿಕೊಂಡಳು. ಮತ್ತೆ ಮಷೀನಿನ ಮುಂದೆ ಹೋಗಿ ಕೂತು ಮಗಳ ಜೊತೆ ಕೈ ಆಡಿಸತೊಡಗಿದಳು. ಊಟ ಆಯಿತೇ, ತಲೆಗೆ ಎಣ್ಣೆ ಹಚ್ಚಿಕೊಂಡೆಯಾ, ಜೈನಾಬಿಯ ಮಗಳಿಗೆ ಗಂಡು ಕೂಸು. ಎಷ್ಟೋ ದಿನದ ಮಾತು ಬಾಕಿ ಇತ್ತು.

ನಾನು ಅವಳ ಎದುರಿಗೆ ಬರುವಂತೆ ಸರಿದು ಕೂತು ಎರಡೂ ಕಿವಿ ಹಿಡಿದುಕೊಂಡೆ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಬಾಯಿ ಅವಳ ತನಕ ಮುಟ್ಟುವುದಿಲ್ಲ, ಅವಳು ನೋಡದಿದ್ದರೆ ನನ್ನ ಕೈಯೂ ಮುಟ್ಟುವುದಿಲ್ಲ. ಎರಡು ಗಂಟೆಯ ಬಸ್ಸು ಹೋಯಿತು, ಮೂರರದೂ ಹೋಯಿತು. ನನ್ನ ಫೋನಿನಲ್ಲಿ ಎರಡು ಜಿಬಿ ಮುಗಿಯುವ ತನಕ ನಾನು ಕಿವಿ ಹಿಡಿದುಕೊಂಡೇ ಕೂತಿದ್ದೆ.